ಚೌಕಾಸಿಗೆ ಬಗ್ಗದ ಡಬ್ಬಿ

ಸೊಪ್ಪಿನವಳಿರಲಿ, ಬೋರ್‌ವೆಲ್ ಕೊರೆಯುವವನಿರಲಿ, ಚೌಕಾಸಿ ಮಾಡದೆ ನಾನು ಯಾರನ್ನೂ ಬಿಟ್ಟವಳಲ್ಲ. (ಮಗಳ ಮದುವೆಗೆ ಶಾಮಿಯಾನ ಹಾಕಿದವನು ಈಗಲೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.) ಅಂಥ ನನ್ನ ಬಾಯಿಯನ್ನು ಕಳೆದ ವಾರ ಒಂದು ಡಬ್ಬಿ ಮುಚ್ಚಿಸಿತು.

ಪಟ್ಟಂದೂರು ಅಗ್ರಹಾರದಲ್ಲಿ, ಟೆಕ್ ಪಾರ್ಕಿನ ಕಾಂಪೌಂಡಿನ ಪಕ್ಕದಲ್ಲೇ, ನನ್ನ ಬಾಡಿಗೆ ಕೋಣೆಗಳಿವೆ. ಅವುಗಳಲ್ಲೊಂದರಲ್ಲಿ ಇಬ್ಬರು, ಒಂದೇ ಮಂಚ. ಬಸವರಾಜ ಟೆಕ್ ಪಾರ್ಕಿನಲ್ಲಿ ರಾತ್ರಿ ಸೆಕ್ಯುರಿಟಿ. ಸಿದ್ದು ಅಲ್ಲೇ ಫುಡ್ ಕೋರ್ಟಿನಲ್ಲಿ ಹಗಲು ಕೆಲಸ. ಒಬ್ಬ ಎದ್ದರೆ ಇನ್ನೊಬ್ಬ ಮಲಗಬೇಕು. ಹಾಸಿಗೆ ತಣ್ಣಗಾಗುವುದೇ ಇಲ್ಲ! ಹಗಲು ನಿದ್ದೆಗೆ ಬೆಳಕು ಬೀಳಬಾರದೆಂದು ಕಿಟಕಿಗೆ ರಟ್ಟು ಅಂಟಿಸಿದ್ದರು. ನಮ್ಮ ಕಡೆ ಶಿಫ್ಟ್ ಕೋಣೆಗಳೆಲ್ಲ ಹೀಗೇ.

ಬಸವರಾಜನಿಗೆ ಊರಲ್ಲಿದ್ದಾಗ ಟಿಬಿ ಬಂದಿತ್ತು. ಹುಷಾರಾಯಿತು ಅನ್ನಿಸಿದ್ದೇ ತಡ, ಮಾತ್ರೆ ಅರ್ಧಕ್ಕೆ ಬಿಟ್ಟಿದ್ದ. ಈಗ ಮತ್ತೆ ಕೆಮ್ಮು. ಪಕ್ಕದ ಕೋಣೆಯ ರತ್ನಮ್ಮ ಬಂದು, "ಅಕ್ಕಾ, ಮಕ್ಕಳಿರೋ ಜಾಗ. ಮೊದ್ಲು ಅವನನ್ನ ಖಾಲಿ ಮಾಡ್ಸಿ" ಎಂದಳು.

ಅವನ ಬಾಗಿಲು ತಟ್ಟಿದೆ. "ಆಸ್ಪತ್ರೆಗೆ ನಡಿಯಪ್ಪ."

"ದೊಡ್ಡಾಸ್ಪತ್ರಿಗೆ ಹೋದ್ರ ವಾರಗಟ್ಲೆ ಅಲೀಬೇಕ್ರಿ ಅಕ್ಕಾರ. ಡ್ಯೂಟಿ ತಪ್ಪಿದ್ರ ಬ್ಯಾರೆಯವ್ರನ್ನ ನಿಲ್ಲಿಸ್ತಾರ."

ಸುಳ್ಳಲ್ಲ. ಆದರೆ ಅವತ್ತು ನಮ್ಮ ಸಮುದಾಯ ಭವನದಲ್ಲೇ ಟಿಬಿ ಕ್ಯಾಂಪ್ ಇತ್ತು. ಕರೆದುಕೊಂಡು ಹೋದೆ.

ಮದುವೆ ಊಟದ ಮೇಜಿನ ಮೇಲೆ ಮಿಕ್ಸಿಯಷ್ಟು ದೊಡ್ಡ ಡಬ್ಬಿ. ಇದೇ ಲ್ಯಾಬು! ಟೆಕ್ನಿಷಿಯನ್ ಹುಡುಗಿ ಕಫಕ್ಕೆಂದು ಒಂದು ಪ್ಲಾಸ್ಟಿಕ್ ಕಪ್ಪು ಕೊಟ್ಟು ಬಸವರಾಜನನ್ನು ಹೊರಗೆ ಬಯಲಿಗೆ ಕಳಿಸಿದಳು. ಅವನು ತಂದದ್ದನ್ನು ವಾರೆ ಮಾಡಿ ನೋಡಿದಳು.

"ಇದು ಬರೀ ಉಗುಳು ಅಣ್ಣ. ಎದೆಯಿಂದ ಕೆಮ್ಮಿದ ಕಫ ಬೇಕು."

ನಾನು ಸುಮ್ಮನಿರುತ್ತೇನೆಯೇ? "ಇಷ್ಟೊಂದಿದೆಯಲ್ಲಮ್ಮಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ನಾನು ಮಾಡ್ಕೋತೀನಿ ಅಕ್ಕ. ಮೆಷಿನ್ ಮಾಡ್ಕೊಳ್ಳಲ್ಲ."

ಬಸವರಾಜ ಮತ್ತೆ ಹೋಗಿ, ಪಕ್ಕೆ ಹಿಡಿದುಕೊಂಡು ಕೆಮ್ಮಿ ತಂದ. ಡಬ್ಬಿ ಕೆಲಸ ಶುರು ಮಾಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಡಬ್ಬಿ ನಿಲ್ಲಲಿಲ್ಲ. ಬ್ಯಾಟರಿಯಲ್ಲಿ ನಡೆಯುತ್ತದಂತೆ.

ಸುಮಾರು ಒಂದು ಗಂಟೆಯಲ್ಲಿ ಮೊದಲ ಉತ್ತರ ಬಂತು. ಟಿಬಿ ಇದೆ. ಇನ್ನೊಂದು ಗಂಟೆಯಲ್ಲಿ ಎರಡನೆಯದು. ಕ್ಯಾಂಪಿನ ಡಾಕ್ಟರ್ ಅದನ್ನು ನೋಡಿ, "ಇದು ಮುಖ್ಯ ಔಷಧಿಗೆ ಬಗ್ಗೋ ಟಿಬಿ ಅಲ್ಲ. ಹಳೆ ಮಾತ್ರೆ ನುಂಗಿದ್ರೆ ಉಪಯೋಗ ಇಲ್ಲ. ಬೇರೆ ಔಷಧಿ ಕೊಡ್ತೀವಿ, ಈ ವಾರವೇ" ಎಂದರು.

(ಅರ್ಧಂಬರ್ಧ ಮಾತ್ರೆಗೆ ರೋಗಾಣು ಅಡ್ಜಸ್ಟ್ ಆಗಿಬಿಟ್ಟಿದೆ. ನಮ್ಮೂರಿನವರಿಗಿಂತ ಚೆನ್ನಾಗಿ!)

ಹಿಂದೆ ಈ ಒಂದು ಮಾತು ತಿಳಿಯಲು ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ವಾರಗಟ್ಟಲೆ ಕಾಯಬೇಕಿತ್ತಂತೆ. ಅಷ್ಟು ದಿನ ಇವನು ಕೆಲಸಕ್ಕೆ ಬಾರದ ಮಾತ್ರೆ ನುಂಗುತ್ತಾ, ಅದೇ ಮಂಚವನ್ನು ಸಿದ್ದುಗೆ ಬಿಟ್ಟುಕೊಡುತ್ತಾ ಇರುತ್ತಿದ್ದ. ಕಾಂಪೌಂಡಿನ ಆಚೆ, ಗಾಜಿನ ಕಟ್ಟಡಗಳಲ್ಲಿ ಏನೇನು ಪವಾಡ ನಡೆಯುತ್ತದೋ ನನಗೆ ಗೊತ್ತಿಲ್ಲ. ಕಾಂಪೌಂಡಿನ ಈಚೆ, ಕರೆಂಟಿಲ್ಲದ ಭವನದಲ್ಲಿ, ಕಣ್ಣಿಗೆ ಕಾಣದ ಜೀವಿ ಯಾವ ಔಷಧಿಗೆ ಸಾಯುವುದಿಲ್ಲ ಎಂಬುದನ್ನು ಒಂದು ಡಬ್ಬಿ ಹೇಳಿತು. ಮೈ ಜುಮ್ಮೆಂದಿತು ಕಣ್ರೀ.

ವಾಪಸ್ ಬಂದವನೇ ಬಸವರಾಜ ಕೋಣೆಯ ಕೀ ಮುಂದೆ ಹಿಡಿದ. "ಖಾಲಿ ಮಾಡ್ತೀನ್ರಿ ಅಕ್ಕಾರ."

"ಎಲ್ಲಿಗೆ ಹೋಗ್ತೀಯ? ಕಿಟಕಿ ಮುಚ್ಚಿರೋ ಇನ್ನೊಂದು ಕೋಣೆಗಾ?"

ಗಾಳಿಯಾಡಲಿ ಎಂದು ರಟ್ಟು ನಾನೇ ಕಿತ್ತೆ. ಸಿದ್ದುವನ್ನೂ ಕ್ಯಾಂಪಿಗೆ ಅಟ್ಟಿ, ಮಹಡಿಯ ಕೋಣೆಗೆ ಹಾಕಿದೆ. ಬಸವರಾಜನ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಹುಷಾರಾಗುವವರೆಗೆ ಕೆಲಸ ಕಾದಿರಿಸಬೇಕೆಂದು ಪಟ್ಟು ಹಿಡಿದು ಕೂತೆ. ಕೊನೆಗೆ, "ಆಯ್ತು ಮೇಡಂ, ಫೋನ್ ಇಡಿ ಮೇಡಂ" ಎಂದ. (ಇಲ್ಲಿ ಮಾತ್ರ ಚೌಕಾಸಿ ನಡೆಯಿತು.)

ನನ್ನಂತೆ ಕೋಣೆ ಬಾಡಿಗೆಗೆ ಕೊಟ್ಟವರಿಗೆ ಒಂದೇ ಮಾತು. ಕೆಮ್ಮುವವನಿಗೆ ಕೋಣೆ ಖಾಲಿ ಮಾಡಲು ಒಂದು ವಾರ ಕೊಡುತ್ತೀರಲ್ಲ, ಪರೀಕ್ಷೆಗೆ ಎರಡು ಗಂಟೆ ಕೊಡಲು ಏನು ಕಷ್ಟ?