ಯಂತ್ರದೊಳಗೂ ಕೆಲಸ ಹಚ್ಚುವ ಸ್ಕ್ಯಾನಿಂಗ್ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಎಂಆರ್‌ಐ ಕೋಣೆಯ ಹೊರಗೆ, ಬಾವಿ ತೋಡುವ ಮೇಸ್ತ್ರಿಯೊಬ್ಬರು ಬೆಂಚಿನ ತುದಿಗೆ ಕೂತಿದ್ದಾರೆ. ಬೆನ್ನಿನ ತೊಂದರೆಯಿಂದ ಬಲಗಾಲು ದಿನೇ ದಿನೇ ಸ್ವಾಧೀನ ತಪ್ಪುತ್ತಿದೆ. ಸ್ಕ್ಯಾನಿಂಗ್ ಆಗದೆ ಆಪರೇಷನ್ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಶ್ವಾಸಕೋಶ ದುರ್ಬಲವಾದ್ದರಿಂದ ಮದ್ದು ಕೊಟ್ಟು ಮಲಗಿಸುವಂತೆಯೂ ಇಲ್ಲ. ಎರಡು ಸಲ ಯಂತ್ರದೊಳಗಿಂದ ಕೂಗಿಕೊಂಡು ಹೊರಬಂದಿದ್ದಾರೆ. ಇವತ್ತು ಮೂರನೆಯ ಸಲ.

"ಅಲ್ಲ ಅಣ್ಣ, ಅರವತ್ತು ಅಡಿ ಬಾವಿಗೆ ಇಳಿಯೋರು ನೀವು. ಇದಕ್ಕೆ ಹೆದರ್ತೀರಾ?" ಎನ್ನುತ್ತ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಪಕ್ಕದಲ್ಲಿ ಬಂದು ಕೂರುತ್ತಾರೆ.

"ಬಾವೀಲಿ ತಲೆ ಎತ್ತಿದ್ರೆ ಆಕಾಶ ಕಾಣತ್ತಕ್ಕ. ಇದರಲ್ಲಿ ಏನು ಕಾಣತ್ತೆ, ಮಣ್ಣು?"

"ಅದೂ ನಿಜ ಬಿಡಿ." ಅವರು ವಾದಕ್ಕೆ ನಿಲ್ಲುವುದಿಲ್ಲ. ಮೇಸ್ತ್ರಿಯ ಉಂಗುರ, ಬೀಗದ ಕೈ ತೆಗೆದಿಡುತ್ತ, ಬಾವಿ ತೋಡುವಾಗ ಮೊದಲು ಏನು ಮಾಡುತ್ತೀರಿ ಎಂದು ವಿಚಾರಿಸತೊಡಗುತ್ತಾರೆ.

ಇಡೀ ಆಸ್ಪತ್ರೆಗೆ ಇವರು ಸ್ಕ್ಯಾನಿಂಗ್ ಅಕ್ಕ. ವಯಸ್ಸು ಐವತ್ತೆರಡು. ನೆಲ ಒರೆಸಲು ಬಂದವರು ಈ ಕೋಣೆಗೆ ಅಟೆಂಡರ್ ಆಗಿ ಹದಿನೇಳು ವರ್ಷವಾಗಿದೆ. ದಿನಕ್ಕೆ ಹದಿನೆಂಟು ಇಪ್ಪತ್ತು ಜನ ಬರುತ್ತಾರೆ. ಅವರಲ್ಲಿ ನಾಲ್ಕೈದು ಮಂದಿಗೆ ಯಂತ್ರ ಕಂಡೊಡನೆ ಕೈಕಾಲು ತಣ್ಣಗಾಗುತ್ತದೆ. "ಅಲುಗಾಡಿದರೆ ಮತ್ತೆ ಮೊದಲಿಂದ" ಎಂದು ಟೆಕ್ನಿಷಿಯನ್ ಹೇಳುವುದು ಹೆದರುವವರ ಮೇಲೆ ಕಪ್ಪೆ ಎಸೆದಂತೆ. ಆಗ ಅಕ್ಕನಿಗೆ ಕರೆ ಬರುತ್ತದೆ.

ಊರಿಗೆಲ್ಲ ಧೈರ್ಯ ಹೇಳುವ ಈ ಅಕ್ಕ ಒಮ್ಮೆ ಕತ್ತು ನೋವೆಂದು ತಾವೇ ಒಳಗೆ ಮಲಗಿದ್ದರು. "ಎರಡೇ ನಿಮಿಷ! ಭಯವಾದ್ರೆ ಒತ್ತಿ ಕರೀರಿ ಅಂತ ಕೈಗೆ ಕೊಟ್ಟಿದ್ದ ರಬ್ಬರ್ ಚೆಂಡು ಹಿಂಡಿ, ತೆಗೀರಿ ತೆಗೀರಿ ಅಂತ ಬೊಬ್ಬೆ ಹೊಡೆದೆ. ನಾಚಿಕೆಗೇಡು." ಮರುದಿನ ಮತ್ತೆ ಮಲಗಿದಾಗ, ಏನೂ ತೋಚದೆ ಮನಸ್ಸಿನಲ್ಲೇ ಆಸ್ಪತ್ರೆಯ ನೆಲ ಒರೆಸಲು ಶುರುಮಾಡಿದರು. ಮೂರನೇ ಮಹಡಿ ಮುಗಿಯುವಷ್ಟರಲ್ಲಿ ಸ್ಕ್ಯಾನಿಂಗ್ ಮುಗಿದಿತ್ತು.

ಅಂದಿನಿಂದ ಬಂದವರಿಗೆಲ್ಲ ಒಳಗೆ ಅವರವರ ಕೆಲಸವನ್ನೇ ಹಚ್ಚುತ್ತಾರೆ. ಟೀಚರ್ ಒಬ್ಬರು ಮೂರು ತರಗತಿಗಳ ಹಾಜರಿ ಕೂಗಿ ಬಂದರು. "ಗುಂಡಿ ಹಾಕೋದೊಂದು ಬಾಕಿ ಇತ್ತು, ಇನ್ನೈದು ನಿಮಿಷ ಬಿಡಬಾರದಿತ್ತಾ?" ಎಂದು ಟೈಲರ್ ಒಬ್ಬರು ಜಗಳಕ್ಕೇ ನಿಂತರು. ಒಂದು ಸಲ ಮಾತ್ರ ಎಡವಟ್ಟಾಯಿತು. ಮರಗೆಲಸದವರೊಬ್ಬರು ಗರಗಸ ಎಳೆಯುವ ಭರದಲ್ಲಿ ಭುಜವನ್ನೂ ಎಳೆದು ಚಿತ್ರವೆಲ್ಲ ಕಲಸಿಹೋಯಿತು. ಟೆಕ್ನಿಷಿಯನ್ ಕೆಂಡಾಮಂಡಲ. ಅಲ್ಲಿಂದ ಅಕ್ಕನ ಹೊಸ ನಿಯಮ: "ನೀವು ಯಜಮಾನರು. ಆಳುಗಳ ಹತ್ರ ಮಾಡಿಸಿ, ನೀವು ಕೈ ಆಡಿಸಬೇಡಿ."

ತೀರಾ ಹೆದರಿದವರಿದ್ದರೆ ಅಕ್ಕ ಕೋಣೆಯೊಳಗೇ, ಅವರ ಪಾದ ಹಿಡಿದು ನಿಲ್ಲುತ್ತಾರೆ. ನಿಂತೂ ನಿಂತೂ ಸಂಜೆಗೆ ಕಾಲು ಊದಿಕೊಳ್ಳುತ್ತದೆ. ಯಂತ್ರದ ಸದ್ದಿಗೆ ಎಡಗಿವಿ ಸ್ವಲ್ಪ ಮಂದವಾಗಿದೆ. "ಒಳ್ಳೇದೇ ಆಯ್ತು. ಗಂಡ ಗೊರಕೆ ಹೊಡೆಯೋ ಕಡೆ ಆ ಕಿವಿ ಕೊಟ್ಟು ಮಲಗ್ತೀನಿ" ಎಂದು ನಗುತ್ತಾರೆ.

ಮೇಸ್ತ್ರಿಯನ್ನು ಮಲಗಿಸಿ ಆಗಿದೆ. "ನೀವು ದಡದ ಮೇಲೆ ನಿಂತ್ಕೊಳ್ಳಿ ಅಣ್ಣ, ಆಳುಗಳು ಅಗೀತಾರೆ. ಸದ್ದೆಲ್ಲ ಅವರ ಹಾರೆ ಸದ್ದು." ಹಲಗೆ ಒಳಗೆ ಸರಿಯುತ್ತದೆ. ಡಬಡಬ ಸದ್ದು ಏಳುತ್ತಲೇ ಅಕ್ಕನ ಕೈಯಲ್ಲಿರುವ ಪಾದ ಬಿಗಿಯುತ್ತದೆ. ಎರಡು ನಿಮಿಷ, ಐದು, ಹತ್ತು. ಪಾದ ನಿಧಾನವಾಗಿ ಸಡಿಲವಾಗುತ್ತದೆ. ಮೂವತ್ತೈದು ನಿಮಿಷವಾದರೂ ಚೆಂಡು ಹಿಂಡುವ ಸುದ್ದಿಯಿಲ್ಲ.

ಹೊರಬಂದ ಮೇಸ್ತ್ರಿಯ ಕಣ್ಣು ಒದ್ದೆಯಾಗಿದೆ. ಬಾಯಿ ಮಾತ್ರ ಜೋರು: "ಸೋಮಾರಿಗಳಕ್ಕ ನಿಮ್ಮ ಆಳುಗಳು! ಹದಿನೆಂಟಡಿ ಅಗೆದು ಕೂತುಬಿಟ್ರು." ಬಾಗಿಲಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದ ಅವರ ಹೆಂಡತಿ ನಗುತ್ತಲೇ ಅತ್ತುಬಿಡುತ್ತಾರೆ. ಚಿತ್ರ ಚೆನ್ನಾಗಿ ಬಂದಿದೆ, ಗುರುವಾರ ಆಪರೇಷನ್ ಎಂದು ಟೆಕ್ನಿಷಿಯನ್ ತಿಳಿಸುತ್ತಾರೆ.

"ರಿಪೋರ್ಟಲ್ಲಿ ಡಾಕ್ಟರ ಹೆಸರಿರತ್ತೆ, ಇವರ ಹೆಸರಿರತ್ತೆ. ನಿಮ್ಮದೂ ಹಾಕ್ಬೇಕಿತ್ತಕ್ಕ" ಎನ್ನುತ್ತಾರೆ ಮೇಸ್ತ್ರಿಯ ಹೆಂಡತಿ.

ಅಕ್ಕ ಪರದೆಯ ಮೇಲಿನ ಬೆನ್ನುಮೂಳೆಯತ್ತ ಬೆರಳು ತೋರಿಸುತ್ತಾರೆ. "ಎಲ್ಲಾದ್ರೂ ಅಲುಗಾಡಿದೆಯಾ ನೋಡಮ್ಮ. ಇಲ್ಲ ಅಲ್ವಾ? ಅಲ್ಲೇ ಇದ್ದೀನಿ ನಾನು."