ಊಟೆಯ ಬಳಿಯ ಹುಲಿಗಿಡ

ನಮ್ಮ ಕಂಬಂ ಕಣಿವೆಯಲ್ಲಿ ಸಸ್ಯಶಾಸ್ತ್ರ ಬೋಧಿಸಿದವರು ಹಲವರಿರಬಹುದು. ಗಿಡದ ಮುಂದೆ ಚಪ್ಪಲಿ ಬಿಟ್ಟು ನಿಂತು ಪಾಠ ಹೇಳಿದವರು ಶ್ರೀ ರಾಮರ್ ಅವರೊಬ್ಬರೇ. ಗೂಡಲೂರಿನ ಶಾಲೆಯಿಂದ ಈ ವರ್ಷ, ೧೯೬೯ರಲ್ಲಿ, ನಿವೃತ್ತರಾಗುತ್ತಿರುವ ಈ ಹಿರಿಯರ ಜೊತೆ ಪಾಠ ಮಾಡಿದ ಪುಣ್ಯ ನನ್ನದು. ನಾನು ಹೊಸದಾಗಿ ಸೇರಿದಾಗ ತಮ್ಮ ಬುತ್ತಿಯನ್ನು ನನ್ನತ್ತ ಸರಿಸಿ, "ಮೊದ್ಲು ಉಣ್ಣಪ್ಪ, ಪಾಠ ಎಲ್ಲೂ ಓಡಿಹೋಗಲ್ಲ" ಎಂದ ದನಿ ಇನ್ನೂ ಕಿವಿಯಲ್ಲಿದೆ.

ಮಲೆಯ ಮೇಲೆ, ನಮ್ಮವರು ಬೇಸಗೆಯಲ್ಲಿ ದನ ಕೂಡುವ ನೀರಿನ ಊಟೆಯ ಸುತ್ತ, ರೋಡೋಡೆಂಡ್ರನ್ ಕುಟುಂಬದ ತೆಳುಕಡ್ಡಿಯ ಪೊದೆಯೊಂದಿದೆ. ಗಂಟೆಯಂಥ ಪುಟ್ಟ ಹೂ, ಹುಳಿ ಹಣ್ಣು. ಹಿಂದಿನವರು ಅದನ್ನು ಹುಳಿಗಿಡವೆಂದರು. ತಲೆಮಾರುಗಳಿಂದ ಈ ತಮಿಳು ಸೀಮೆಯಲ್ಲಿ ಬಾಳಿದ ನಮ್ಮ ಕನ್ನಡ ನಾಲಿಗೆಯಲ್ಲಿ ಳಕಾರ ಸವೆದು ಅದು ಹುಲಿಗಿಡವಾಯಿತು, ಊರಮ್ಮನ ಹುಲಿ ಅಲ್ಲಿ ಮಲಗುತ್ತದೆಂಬ ಕಥೆ ಹುಟ್ಟಿತು, ಯಾರೂ ಕಡಿಯಲಿಲ್ಲ. ಅದರ ಬೇರು ಮಣ್ಣನ್ನು ಹಿಡಿದಿರುವುದರಿಂದಲೇ ಊಟೆ ಬತ್ತಿಲ್ಲವೆಂದು ರಾಮರ್ ಅವರು ನಂಬಿದ್ದರು.

೧೯೬೪ರ ಬೇಸಗೆ. ದೊಡ್ಡಿಯ ಬೇಲಿಗೆಂದು ಪೊದೆ ಕಡಿಯಲು ಮಚ್ಚು ಹಿಡಿದು ಬಂದ ದನಗಾಹಿ ಚಿನ್ನತಂಬಿ, ನನ್ನೊಡನೆ ಮಲೆ ಹತ್ತಿದ್ದ ರಾಮರ್ ಅವರನ್ನೇ ಕೇಳಿದ: "ವಾದ್ಯಾರೇ, ಓದಿದೋರು ನೀವು. ಇದ್ರಾಗೆ ಹುಲಿ ಐತೋ ಇಲ್ವೋ? ಇಲ್ಲ ಅನ್ನಿ, ಈಗ್ಲೇ ಕಡೀತೀನಿ."

'ಐತೆ' ಎಂದಿದ್ದರೆ ಗಿಡ ಉಳಿಯುತ್ತಿತ್ತು. ಹಾಗೆನ್ನಲಿ ಎಂದು ನಾನು ಒಳಗೇ ದೇವರನ್ನು ಬೇಡಿದೆ. ಅವರು ಕಣ್ಣು ಮುಚ್ಚಿ ತೆರೆದು, "ಇಲ್ಲಪ್ಪ. ಇದು ಹುಲಿಯಲ್ಲ, ನಾಲಿಗೆ ಮೇಲಿನ ಹುಳಿ" ಎಂದು ಹಣ್ಣೊಂದನ್ನು ಅವನ ಬಾಯಿಗಿಟ್ಟರು. ಅವನ ಮೋರೆ ಕಿವುಚಿತು, ಮಚ್ಚು ಮೇಲೆದ್ದಿತು.

ಬುತ್ತಿ ತಂದಿದ್ದ ಅವನ ತಾಯಿ ಚೆಲ್ಲಮ್ಮಾಳ್ ಅಷ್ಟರಲ್ಲಿ ನಕ್ಕುಬಿಟ್ಟರು. "ಲೇ, ಕಚ್ಚೋ ಹುಲಿ ಅಲ್ಲ, ನೆಕ್ಕೋ ಹುಲಿ ಅಂದ್ರೆ ಕಡಿದ್ಬಿಡೋದಾ? ಮನ್ಯಾಗೆ ನಿನ್ನ ಹೆಂಡ್ರು ಬಸುರಿ. ಆಕೆ ಹುಲಿ ಬೇಕು ಅಂದ್ರೆ ಮಚ್ಚು ನೆಕ್ಕಿಸ್ತೀಯಾ?"

ಮಚ್ಚು ಕೆಳಗಿಳಿಯಿತು. ಅಂದಿನಿಂದ ನಮ್ಮ ಬಸುರಿಯರ ಮಡಿಲಿಗೆ ಆ ಹಣ್ಣು ಬೀಳುತ್ತಿದೆ. ಭಯ ಕಾದದ್ದನ್ನು ಈಗ ಬಯಕೆ ಕಾಯುತ್ತಿದೆ.

ಊರಮ್ಮ ರಾಮರ್ ಅವರಿಗೆ ನೂರು ಬೇಸಗೆಗಳ ಆಯುಸ್ಸನ್ನೂ ಮಲೆ ಹತ್ತುವ ಮೊಣಕಾಲನ್ನೂ ಕೊಡಲಿ. ಅರ್ಧಕ್ಕೆ ನಿಂತಿರುವ ಅವರ ಮಲೆಗಿಡಗಳ ಹೊತ್ತಗೆ ಅವರ ಕೈಯಿಂದಲೇ ಮುಗಿಯಲಿ. ಮೊನ್ನೆಯ ಬೀಳ್ಕೊಡುಗೆಯಲ್ಲಿ ಚಿನ್ನತಂಬಿಯ ಮಗಳು ಇಂದ್ರಾಣಿ, ಅಂದು ತಾಯಿಯ ಬಸಿರಲ್ಲಿದ್ದವಳು, ಹಣ್ಣು ತುಂಬಿದ ದೊನ್ನೆ ನೀಡಿ, "ತಾತಾ, ನಿಮ್ಮ ಹುಲಿ" ಎಂದಳು. ಜೀವಮಾನವೆಲ್ಲ ಮಕ್ಕಳ ಉಚ್ಚಾರ ತಿದ್ದಿದ ಗುರುಗಳು ಇದೊಂದನ್ನು ತಿದ್ದದೆ, ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು ಸಂತೋಷದಿಂದ ಮೋರೆ ಕಿವುಚಿದರು.