ಟ್ರಂಕಿನಿಂದ ತೆಗೆದ ಫೈಲು

ಸುಮಾ, ನಿನ್ನ ಹೃದಯದ ಬಗ್ಗೆ ನಾನು ಸುಳ್ಳು ಹೇಳಿದೆ. ನಿನಗೆ, ಅಪ್ಪನಿಗೆ, ಅವ್ವನಿಗೆ — ಎಲ್ಲರಿಗೂ.

ಹೃದಯದ ತೂತು ಮುಚ್ಚಿಸಿದಾಗ ನಿನಗೆ ಎಂಟು ವರ್ಷ. ತೊಡೆಯ ರಕ್ತನಾಳದೊಳಗಿಂದ ಛತ್ರಿಯಂಥ ಪುಟ್ಟ ಸಾಧನವೊಂದನ್ನು ಕಳಿಸಿ ಕೂರಿಸಿದ್ದರು. ಎದೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಮುಂದೆ ನಿನ್ನ ಮದುವೆಯ ಮಾತು ಬಂದಾಗ, ಹೂಲಿಯ ಬೀಗರಿಗೆ ಅದನ್ನು ಹೇಳಬೇಕೆಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ನಿಶ್ಚಯಕ್ಕೆ ವಾರವಿದ್ದಾಗ ಬೆಳಗಾವಿಗೆ ನಿನ್ನನ್ನು ತಪಾಸಣೆಗೆ ಕರೆದೊಯ್ದವಳು ನಾನು. ನೀನು ಹೊರಗೆ ಬೆಂಚಿನ ಮೇಲಿದ್ದೆ. ಡಾಕ್ಟರು ನನಗೊಬ್ಬಳಿಗೇ ಹೇಳಿದರು — ಸಾಧನದ ಅಂಚು ಹೃದಯದ ಗೋಡೆಗೆ ಒತ್ತುತ್ತಿದೆ, ಉಜ್ಜಿ ಗಾಯವಾಗಬಹುದು, ಮೂರು ತಿಂಗಳಿಗೆ ಮತ್ತೆ ಕರೆತನ್ನಿ. ಎದೆನೋವು ಬಂದರೆ ಮಾತ್ರ ತಡಮಾಡಬೇಡಿ.

ಹೊರಬಂದೆ. ನೀನು ನಗುತ್ತಿದ್ದೆ. "ಏನಂದ್ರಕ್ಕಾ? ಛತ್ರಿ ಹರದಿಲ್ಲ ಹೌದಿಲ್ಲೋ?"

"ಎಲ್ಲಾ ಬರೋಬ್ಬರಿ ಐತಿ," ಎಂದೆ.

ನಿನ್ನ ಸಂಬಂಧ ಮುರಿಯಬಾರದು — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ನಿನ್ನ ಸಂಬಂಧ ಕೂಡಿಬಂದದ್ದರಿಂದ ಅಪ್ಪ ನನ್ನನ್ನು ಓದಲು ಬಿಟ್ಟಿದ್ದ; ಅದು ಮುರಿದಿದ್ದರೆ ಮತ್ತೆ ನನ್ನ ಮದುವೆಯ ಮಾತು ತೆಗೆಯುತ್ತಿದ್ದ. ಧಾರವಾಡದಲ್ಲಿ ನನ್ನ ಎಂ.ಎಸ್ಸಿ. ಇನ್ನೂ ಒಂದು ವರ್ಷ ಬಾಕಿಯಿತ್ತು.

ಮದುವೆಯ ಮುಂಜಾನೆ ಅವ್ವ ಆಸ್ಪತ್ರೆಯ ಫೈಲನ್ನು ನಿನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು. ಹೊಸ ಸೊಸೆಯ ಟ್ರಂಕು ಬಿಚ್ಚಿ, ಬೀಗರ ಕಡೆಯ ಹೆಂಗಸರು ಒಂದೊಂದೇ ಸೀರೆ ಎತ್ತಿ ನೋಡುತ್ತಾರಲ್ಲ — ಯಾರೂ ಇಲ್ಲದಾಗ ಅದನ್ನು ತೆಗೆದು ನನ್ನ ಪುಸ್ತಕಗಳ ನಡುವೆ ಇಟ್ಟೆ. ಮೂರು ತಿಂಗಳು ಕಳೆಯಿತು. ಎರಡು ವರ್ಷವೂ.

ಹೋದ ವಾರ ಫೋನಿನಲ್ಲಿ ನೀನಂದೆ, "ಎದಿ ಒಂಥರಾ ಚುಚ್ಚತೈತಕ್ಕಾ." ನನಗೆ ಗೊತ್ತಿತ್ತು. ಗೊತ್ತಿದ್ದೂ — "ಗ್ಯಾಸ್ ಇರಬೇಕು, ಜೀರಿಗಿ ನೀರು ಕುಡಿ," ಎಂದೆ.

ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದವಳು ಕುಸಿದೆ. ಹೃದಯದ ಸುತ್ತ ರಕ್ತ ತುಂಬಿತ್ತು. ಎದೆ ತೆರೆದು ಸಾಧನವನ್ನು ತೆಗೆದಿದ್ದಾರೆ. ನಿನಗಿನ್ನೂ ಎಚ್ಚರವಿಲ್ಲ.

ಎರಡು ದಿನದಿಂದ ಐಸಿಯು ಮುಂದೆ ಅಪ್ಪ ನಿನ್ನ ಅತ್ತೆಯನ್ನು ಬೈಯುತ್ತಿದ್ದಾನೆ. "ದುಡಿಸಿ ದುಡಿಸಿ ಮಗಳನ್ನ ಈ ಗತಿಗೆ ತಂದ್ರಿ."

ಆಕೆ ಎದುರಾಡುವುದಿಲ್ಲ. "ಮೈಯಾಗ ಹುಷಾರಿಲ್ಲ ಅಂದಿದ್ಳರೀ. ಮಲಕೋ ಅನ್ನಬೇಕಿತ್ತು. ನಂದ ತಪ್ಪು."

ಅದನ್ನೂ ಕೇಳಿಸಿಕೊಂಡು ನಾನು ಸುಮ್ಮನಿದ್ದೆ, ಸುಮಾ. ಎರಡು ದಿನ.

ಬೆಳಗಾವಿಯ ಡಾಕ್ಟರು ಬರೆದದ್ದೂ ಇರುವ ಆ ಫೈಲು ನನ್ನ ತೊಡೆಯ ಮೇಲಿದೆ. ನಿನಗೆ ಎಚ್ಚರವಾದ ಮೇಲೆ ಈ ಕಾಗದವನ್ನು ನಾನೇ ಓದಿ ಹೇಳುತ್ತೇನೆ. ನೀನು ಮುಖ ತಿರುಗಿಸಿದರೆ — ತಿರುಗಿಸು. ಎಚ್ಚರವಾಗದಿದ್ದರೆ...

ಬಾಗಿಲ ಬಳಿ ನಿನ್ನ ಅತ್ತೆ ಇನ್ನೂ ನಿಂತೇ ಇದ್ದಾಳೆ. ಅಪ್ಪನೂ ಅಲ್ಲೇ ಇದ್ದಾನೆ. ಆತನ ಎದುರಿಗೇ ಈ ಫೈಲನ್ನು ಆಕೆಯ ಕೈಗೆ ಕೊಡಲು ಏಳುತ್ತಿದ್ದೇನೆ.